ಎಣ್ಣೆಬೀಜದ ಕಾವಲುಗಾರ: ವಿಟಮಿನ್ ಇ ಕುರಿತು

(ಚಳ್ಳಕೆರೆಯಲ್ಲಿ ರೈತರು, ಗೃಹಿಣಿಯರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಭೆಗೆ ಬರುವ ಮೊದಲು ಇಲ್ಲಿಯ ಪೇಟೆಯಲ್ಲಿ ಎರಡು ವಸ್ತುಗಳನ್ನು ಕೊಂಡು ತಂದಿದ್ದೇನೆ. ಒಂದು ನೂರು ಗ್ರಾಂ ಶೇಂಗಾ ಬೀಜ. ಇನ್ನೊಂದು ಔಷಧದ ಅಂಗಡಿಯಿಂದ ತಂದ ಹತ್ತು ವಿಟಮಿನ್ ಇ ಕ್ಯಾಪ್ಸೂಲ್‌ಗಳು. ಶೇಂಗಾ ಕೊಟ್ಟವರು ಬೀಜವನ್ನು ಅಂಗೈಯಲ್ಲಿ ಉಜ್ಜಿ, ಮೂಸಿ ನೋಡಿ, ಆಮೇಲೆ ತೂಗಿದರು. ಕ್ಯಾಪ್ಸೂಲ್ ಕೊಟ್ಟವರು ಏನನ್ನೂ ಕೇಳಲಿಲ್ಲ. ಯಾರಿಗೆ ಬೇಕು, ವೈದ್ಯರ ಚೀಟಿ ಇದೆಯೇ, ಬೇರೆ ಯಾವ ಮಾತ್ರೆ ನಡೆಯುತ್ತಿದೆ, ಯಾವ ಪ್ರಶ್ನೆಯೂ ಬರಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಎರಡು ಪೊಟ್ಟಣಗಳ ನಡುವೆಯೇ ಓಡಾಡುತ್ತದೆ.

ಆ ಮೂಸಿ ನೋಡುವ ಅಭ್ಯಾಸದಿಂದಲೇ ಆರಂಭಿಸುತ್ತೇನೆ. ನಿಮ್ಮ ಊರನ್ನು ಎಣ್ಣೆ ನಗರಿ ಎಂದು ಕರೆಯುತ್ತಾರೆ. ಕಮಟು ವಾಸನೆ ಎಂದರೇನೆಂದು ಚಳ್ಳಕೆರೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗಾಳಿಯಲ್ಲಿರುವ ಆಮ್ಲಜನಕ ಎಣ್ಣೆಯೊಳಗಿನ ಕೊಬ್ಬಿನ ಆಮ್ಲಗಳನ್ನು ಮುರಿದಾಗ ಹುಟ್ಟುವ ವಾಸನೆ ಅದು. ಶೇಂಗಾ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇದೆ. ಅಷ್ಟು ಎಣ್ಣೆ ಹೊತ್ತ ಬೀಜ ಸುಗ್ಗಿಯಿಂದ ಮುಂದಿನ ಬಿತ್ತನೆಯವರೆಗೆ ತಿಂಗಳುಗಟ್ಟಲೆ ಚೀಲದಲ್ಲಿ ಕುಳಿತಿರುತ್ತದೆ. ಇಷ್ಟು ದಿನ ಒಳಗಿನ ಎಣ್ಣೆ ಕೆಡದೆ ಉಳಿದು, ಮಳೆ ಬಿದ್ದ ಕೂಡಲೇ ಬೀಜ ಮೊಳೆಯುತ್ತದೆ. ಅದನ್ನು ಅಷ್ಟು ಕಾಲ ಕಾದವರು ಯಾರು?

ಕಾದವರಲ್ಲಿ ಮುಖ್ಯವಾದದ್ದು ವಿಟಮಿನ್ ಇ. ಗಿಡ ಅದನ್ನು ನಮಗಾಗಿ ತಯಾರಿಸುವುದಿಲ್ಲ, ತನ್ನ ಮಕ್ಕಳಿಗಾಗಿ ತಯಾರಿಸುತ್ತದೆ. ಸಾಸಿವೆಯ ದೂರದ ನೆಂಟನಾದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದಾರೆ. ವಿಟಮಿನ್ ಇ ತಯಾರಿಸಲು ಬಾರದ ತಳಿಯ ಬೀಜಗಳು ಬೇಗನೆ ಮೊಳೆಯುವ ಶಕ್ತಿ ಕಳೆದುಕೊಂಡವು, ಮೊಳೆತ ಸಸಿಗಳಲ್ಲಿಯೂ ಕೊಬ್ಬು ಕೆಟ್ಟಿತ್ತು. ಈ ಪ್ರಯೋಗದ ವರದಿ 2004ರಲ್ಲಿ ಪ್ರಕಟವಾಯಿತು. ನಾನು ಪಾಠ ಮಾಡುವಾಗ ವಿಟಮಿನ್ ಇ ಅಧ್ಯಾಯವನ್ನು ಇಲ್ಲಿಂದಲೇ ತೆರೆಯುತ್ತೇನೆ. ಎಣ್ಣೆ ಇರುವಲ್ಲಿ ಕಾವಲು ಬೇಕು ಎಂಬ ಇಷ್ಟು ಮಾತು ತಲೆಯಲ್ಲಿ ಉಳಿದರೆ, ಯಾವ ಆಹಾರದಲ್ಲಿ ಈ ಜೀವಸತ್ವ ಸಿಗುತ್ತದೆ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಎಣ್ಣೆಗಳನ್ನೇ ನೋಡಿ. ಸೂರ್ಯಕಾಂತಿ ಎಣ್ಣೆ ಬಹಳ ಸುಲಭವಾಗಿ ಆಮ್ಲಜನಕಕ್ಕೆ ಬಲಿಯಾಗುವ ಜಾತಿಯದು. ಅದರ ನೂರು ಗ್ರಾಂನಲ್ಲಿ ಸುಮಾರು 41 ಮಿಲಿಗ್ರಾಂ ವಿಟಮಿನ್ ಇ ಇದೆ. ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯಲ್ಲಿ ಸುಮಾರು 34, ಅಕ್ಕಿ ತೌಡಿನ ಎಣ್ಣೆಯಲ್ಲಿ 32, ಶೇಂಗಾ ಎಣ್ಣೆಯಲ್ಲಿ 15ರಿಂದ 16. ಗೋಧಿಯ ಮೊಳಕೆ ಹುಟ್ಟುವ ಭಾಗದಿಂದ ತೆಗೆದ ಎಣ್ಣೆಯಲ್ಲಿ ಸುಮಾರು 150 ಮಿಲಿಗ್ರಾಂ. ಇನ್ನು ಕೊಬ್ಬರಿ ಎಣ್ಣೆಗೆ ಬನ್ನಿ, ಅದರಲ್ಲಿ ಬಹುತೇಕ ಏನೂ ಇಲ್ಲ. ಕೊಬ್ಬರಿ ಎಣ್ಣೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದರ ಕೊಬ್ಬಿನಲ್ಲಿ ಆಮ್ಲಜನಕ ಕೈಹಾಕಬಹುದಾದ ಜಾಗಗಳೇ ಕಡಿಮೆ, ಆದ್ದರಿಂದ ತೆಂಗಿನ ಮರಕ್ಕೆ ಈ ಕಾವಲಿನ ಅಗತ್ಯ ಬೀಳಲಿಲ್ಲ.

ಹೆಸರಿನ ಕಥೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ಜೀವಸತ್ವದ ಬಗ್ಗೆ ಇರುವ ಬಹಳಷ್ಟು ತಪ್ಪು ಕಲ್ಪನೆಗಳು ಆ ಕಥೆಯಿಂದಲೇ ಹುಟ್ಟಿದವು. ಅಮೆರಿಕದ ಬರ್ಕ್ಲಿಯಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಸ್ಕಾಟ್ ಬಿಷಪ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳಿಗೆ ಹಂದಿಕೊಬ್ಬು, ಹಾಲಿನ ಪ್ರೋಟೀನ್, ಪಿಷ್ಟ, ಲವಣ, ಆಗ ಗೊತ್ತಿದ್ದ ಜೀವಸತ್ವಗಳು ಇವಿಷ್ಟನ್ನೇ ಉಣಿಸಿ ಸಾಕುತ್ತಿದ್ದರು. ಇಲಿಗಳು ಚೆನ್ನಾಗಿಯೇ ಬೆಳೆದವು, ಗರ್ಭವನ್ನೂ ಧರಿಸಿದವು. ಆದರೆ ಭ್ರೂಣಗಳು ಗರ್ಭದಲ್ಲಿಯೇ ಕರಗಿಹೋದವು. ಲೆಟ್ಯೂಸ್ ಸೊಪ್ಪು ತಿನ್ನಿಸಿದಾಗ ಮರಿಗಳು ಹುಟ್ಟಿದವು, ಗೋಧಿ ಮೊಳಕೆಯ ಭಾಗ ಕೊಟ್ಟಾಗಲೂ ಹುಟ್ಟಿದವು. ಅದುವರೆಗೆ ಯಾರಿಗೂ ಗೊತ್ತಿರದ ಒಂದು ಅಂಶ ಆಹಾರದಲ್ಲಿದೆ ಎಂದು 1922ರಲ್ಲಿ ಅವರು ಪ್ರಕಟಿಸಿದರು. ಎ, ಬಿ, ಸಿ, ಡಿ ಎಂಬ ಅಕ್ಷರಗಳು ಆಗಲೇ ಮುಗಿದಿದ್ದರಿಂದ ಇದಕ್ಕೆ ಇ ಸಿಕ್ಕಿತು. 1936ರಲ್ಲಿ ಇವಾನ್ಸ್ ಜೊತೆ ಆಲಿವರ್ ಎಮರ್ಸನ್ ಮತ್ತು ಗ್ಲಾಡಿಸ್ ಎಮರ್ಸನ್ ಸೇರಿ ಗೋಧಿ ಮೊಳಕೆಯ ಎಣ್ಣೆಯಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿದರು. ಹೆಸರಿಡಲು ನೆರವಾದವರು ಅಲ್ಲಿಯ ಗ್ರೀಕ್ ಪ್ರಾಧ್ಯಾಪಕ ಜಾರ್ಜ್ ಕ್ಯಾಲ್‌ಹೂನ್. ಹೆರಿಗೆ ಎಂಬ ಅರ್ಥದ ಟೋಕೋಸ್, ಹೊರುವುದು ಎಂಬ ಅರ್ಥದ ಫೆರೀನ್, ಇವೆರಡು ಕೂಡಿ ಟೋಕೋಫೆರಾಲ್ ಆಯಿತು. 1938ರಲ್ಲಿ ಪಾಲ್ ಕಾರರ್ ಅದನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿದರು.

ಮಕ್ಕಳನ್ನು ಹೊರುವ ವಸ್ತು! ಇಂಥ ಹೆಸರು ಬಿದ್ದ ಮೇಲೆ ಕೇಳಬೇಕೇ? ಮಕ್ಕಳಾಗದವರಿಗೆ ಕೊಡಿ, ಗರ್ಭ ನಿಲ್ಲದವರಿಗೆ ಕೊಡಿ, ಪುರುಷತ್ವಕ್ಕೆ ಕೊಡಿ ಎಂಬ ಮಾತುಗಳು ಇಂದಿಗೂ ನಿಂತಿಲ್ಲ. ಸಾಮಾನ್ಯ ಊಟ ಮಾಡುವ ಮನುಷ್ಯರಲ್ಲಿ ವಿಟಮಿನ್ ಇ ಕೊರತೆಯಿಂದ ಬಂಜೆತನ ಬರುತ್ತದೆಂದು ತೋರಿಸಿದ ಪುರಾವೆ ಇಲ್ಲ. ಆ ಇಲಿಗಳು ತಿಂದದ್ದು ಸೊಪ್ಪಿಲ್ಲದ, ಕಾಳಿಲ್ಲದ, ಎಣ್ಣೆಬೀಜವಿಲ್ಲದ ಊಟ. ಅಂಥ ಊಟ ನಮ್ಮಲ್ಲಿ ಬಡವರ ಮನೆಯಲ್ಲಿಯೂ ಇಲ್ಲ. ಮಕ್ಕಳಿಗಾಗಿ ಹಂಬಲಿಸುವ ದಂಪತಿಗಳ ನೋವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆ ನೋವಿನ ಮೇಲೆ ಇಲಿಯ ಕಥೆಯನ್ನು ಹೇರಿ ವರ್ಷಗಟ್ಟಲೆ ಕ್ಯಾಪ್ಸೂಲ್ ನುಂಗಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹಾಗಾದರೆ ನಮ್ಮ ದೇಹದಲ್ಲಿ ಇದರ ಕೆಲಸವೇನು? ಬೀಜದಲ್ಲಿ ಮಾಡುವ ಕೆಲಸವೇ. ನಮ್ಮ ಪ್ರತಿಯೊಂದು ಜೀವಕೋಶದ ಸುತ್ತಲೂ ಒಂದು ತೆಳುವಾದ ಪೊರೆ ಇದೆ. ಅದು ಬಹುಪಾಲು ಕೊಬ್ಬಿನಿಂದ ಕಟ್ಟಿದ್ದು, ಅದರಲ್ಲಿಯೂ ಬೇಗ ಕೆಡುವ ಜಾತಿಯ ಕೊಬ್ಬು. ನಾವು ಉಸಿರಾಡುವ ಆಮ್ಲಜನಕದಿಂದ ಹುಟ್ಟುವ ಕೆಲವು ಉಗ್ರ ಕಣಗಳು, ಫ್ರೀ ರ್ಯಾಡಿಕಲ್ ಎಂಬ ಹೆಸರು ನೀವು ಕೇಳಿರುತ್ತೀರಿ, ಆ ಪೊರೆಯ ಒಂದು ಅಣುವಿಗೆ ಬಡಿಯುತ್ತವೆ. ಪೆಟ್ಟು ತಿಂದ ಅಣು ತಾನೂ ಉಗ್ರವಾಗಿ ಪಕ್ಕದ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ, ಅದು ತನ್ನ ಪಕ್ಕದ್ದರಿಂದ ಕಿತ್ತುಕೊಳ್ಳುತ್ತದೆ. ಬಣವೆಯಿಂದ ಬಣವೆಗೆ ಬೆಂಕಿ ಹಾರಿದ ಹಾಗೆ ಇದು ಸಾಗುತ್ತದೆ. ಪೊರೆಯೊಳಗೆ ಕೊಬ್ಬಿನ ಸಾವಿರಾರು ಅಣುಗಳ ನಡುವೆ ಒಂದರಂತೆ ಕುಳಿತಿರುವ ಟೋಕೋಫೆರಾಲ್ ತನ್ನ ಹೈಡ್ರೋಜನ್ ಅನ್ನು ತಾನಾಗಿ ಕೊಟ್ಟು ಆ ಸರಪಳಿಯನ್ನು ಅಲ್ಲಿಗೆ ಕಡಿಯುತ್ತದೆ. ಆ ಉಗ್ರ ಅಣು ಪಕ್ಕದ ಕೊಬ್ಬಿಗಿಂತ ಸುಮಾರು ಸಾವಿರ ಪಟ್ಟು ವೇಗವಾಗಿ ಟೋಕೋಫೆರಾಲ್ ಜೊತೆ ವರ್ತಿಸುತ್ತದೆ. ಹಾಗಾಗಿಯೇ ಇಷ್ಟು ಕಡಿಮೆ ಕಾವಲುಗಾರರು ಅಷ್ಟು ದೊಡ್ಡ ಊರನ್ನು ಕಾಯಬಲ್ಲರು. ಹೈಡ್ರೋಜನ್ ಕೊಟ್ಟು ಬರಿಗೈಯಾದ ಟೋಕೋಫೆರಾಲ್‌ಗೆ ವಿಟಮಿನ್ ಸಿ ಮತ್ತೆ ಹೈಡ್ರೋಜನ್ ತುಂಬಿ ಕೊಡುತ್ತದೆ. ಕೋಸಂಬರಿಗೆ ನಿಂಬೆರಸ ಹಿಂಡಿ, ಮೇಲೊಂದು ಒಗ್ಗರಣೆ ಹಾಕುತ್ತೀರಲ್ಲ, ಆ ಬಟ್ಟಲಿನಲ್ಲಿ ಈ ಇಬ್ಬರೂ ಇದ್ದಾರೆ.

ಒಗ್ಗರಣೆಗೆ ಇನ್ನೊಂದು ಕೆಲಸವೂ ಇದೆ. ವಿಟಮಿನ್ ಇ ನೀರಿನಲ್ಲಿ ಕರಗುವುದಿಲ್ಲ. ಊಟದಲ್ಲಿ ಸ್ವಲ್ಪ ಕೊಬ್ಬು ಇದ್ದು, ಪಿತ್ತರಸ ಹರಿದು ಬಂದರೆ ಮಾತ್ರ ಅದು ಕರುಳಿನಿಂದ ಒಳಗೆ ಸೇರುತ್ತದೆ. ಎಣ್ಣೆ ಸೋಕದ ಊಟವೇ ಆರೋಗ್ಯ ಎಂದು ನಂಬಿ ಒಗ್ಗರಣೆಯನ್ನೇ ಬಿಟ್ಟವರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ.

ವಿಟಮಿನ್ ಇ ಒಂದು ವಸ್ತುವಲ್ಲ, ಎಂಟು ವಸ್ತುಗಳ ಕುಟುಂಬ. ನಾಲ್ಕು ಟೋಕೋಫೆರಾಲ್‌ಗಳು, ನಾಲ್ಕು ಟೋಕೋಟ್ರೈಯನಾಲ್‌ಗಳು, ಎರಡರಲ್ಲಿಯೂ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ. ಎಂಟನ್ನೂ ಕರುಳು ಹೀರಿಕೊಳ್ಳುತ್ತದೆ. ಆದರೆ ಯಕೃತ್ತಿನಲ್ಲಿ ಒಂದು ಪ್ರೋಟೀನ್ ಕುಳಿತು ಆರಿಸುತ್ತದೆ. ಆಲ್ಫಾ ಟೋಕೋಫೆರಾಲ್ ಅನ್ನು ರಕ್ತಕ್ಕೆ ಕಳುಹಿಸಿ, ಉಳಿದವುಗಳಲ್ಲಿ ಬಹುಭಾಗವನ್ನು ಹೊರಹಾಕುತ್ತದೆ. ಆದ್ದರಿಂದ ನಮ್ಮ ದಿನದ ಅಗತ್ಯವನ್ನು ಲೆಕ್ಕ ಹಾಕುವಾಗ ಆಲ್ಫಾವನ್ನಷ್ಟೇ ಎಣಿಸುತ್ತಾರೆ. ನಾನು ಮೇಲೆ ಹೇಳಿದ ಅಂಕಿಗಳೂ ಅದರವೇ. ಎಳ್ಳೆಣ್ಣೆ, ಅಗಸೆ ಇವುಗಳಲ್ಲಿ ಗಾಮಾ ಹೆಚ್ಚು. ಪಟ್ಟಿಯಲ್ಲಿ ಅವು ಕೆಳಗೆ ಕಂಡರೂ ಎಳ್ಳು, ಅಗಸೆ ಚಟ್ನಿಪುಡಿಗಳನ್ನು ಬಿಡಬೇಡಿ, ಅವುಗಳಲ್ಲಿ ಬೇರೆ ಒಳ್ಳೆಯ ಅಂಶಗಳು ಬೇಕಾದಷ್ಟಿವೆ.

ಯಕೃತ್ತಿನ ಆ ಪ್ರೋಟೀನ್ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳು ಇದ್ದಾರೆ, ಬಹಳ ಅಪರೂಪ. ಊಟದಲ್ಲಿ ಎಷ್ಟು ತಿಂದರೂ ಅವರ ರಕ್ತದಲ್ಲಿ ವಿಟಮಿನ್ ಇ ನಿಲ್ಲುವುದಿಲ್ಲ. ಕ್ರಮೇಣ ನಡಿಗೆ ತಪ್ಪುತ್ತದೆ, ಕತ್ತಲಲ್ಲಿ ನಿಂತರೆ ಓಲಾಡುತ್ತಾರೆ, ಮೊಣಕಾಲಿಗೆ ತಟ್ಟಿದರೆ ಕಾಲು ಚಿಮ್ಮುವುದಿಲ್ಲ, ಮಾತು ತೊದಲುತ್ತದೆ. ಇದಕ್ಕೆ ಕಾರಣವಾದ ಜೀನ್ ದೋಷ 1995ರಲ್ಲಿ ಪತ್ತೆಯಾಯಿತು. ಫ್ರೀಡ್ರೈಕ್ ಅಟಾಕ್ಸಿಯಾ ಎಂಬ ನರರೋಗವನ್ನೇ ಹೋಲುವ ಕಾಯಿಲೆ ಇದು. ಆದರೆ ಇದಕ್ಕೆ ಚಿಕಿತ್ಸೆ ಇದೆ. ಜೀವನವಿಡೀ ದೊಡ್ಡ ಪ್ರಮಾಣದ ವಿಟಮಿನ್ ಇ ಕೊಟ್ಟರೆ ರೋಗ ಮುಂದುವರಿಯದಂತೆ ತಡೆಯಬಹುದು, ಬೇಗ ಗುರುತಿಸಿದಷ್ಟೂ ಒಳ್ಳೆಯದು. ಕೊಬ್ಬನ್ನು ಹೀರಿಕೊಳ್ಳಲಾಗದ ಕರುಳಿನ, ಪಿತ್ತನಾಳದ, ಮೇದೋಜೀರಕದ ದೀರ್ಘ ಕಾಯಿಲೆಗಳಲ್ಲಿಯೂ ಇಂಥದೇ ಕೊರತೆ ಬರುತ್ತದೆ. ಅವರಿಗೆಲ್ಲ ಕ್ಯಾಪ್ಸೂಲ್ ನಿಜವಾದ ಔಷಧ. ನಾನು ಕ್ಯಾಪ್ಸೂಲಿನ ವೈರಿ ಎಂದು ದಯವಿಟ್ಟು ತಿಳಿಯಬೇಡಿ.

ಕೊರತೆಯ ಅಪಾಯವಿರುವ ಇನ್ನೊಂದು ಗುಂಪು ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳು. ಗರ್ಭದಲ್ಲಿರುವಾಗ ತಾಯಿಯಿಂದ ಮಗುವಿಗೆ ವಿಟಮಿನ್ ಇ ಹೋಗುವುದು ಸ್ವಲ್ಪವೇ. ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಕೆಂಪು ರಕ್ತಕಣಗಳ ಪೊರೆ ಇದರಿಂದ ಬೇಗ ಒಡೆದು ರಕ್ತಹೀನತೆ ಬರಬಹುದು. ಈಗ ತಾಯಂದಿರು ಕೇಳಿ. ಹೆರಿಗೆಯಾದ ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಗಟ್ಟಿ ಹಾಲಿನಲ್ಲಿ, ನಂತರ ಬರುವ ಹಾಲಿಗಿಂತ ಹಲವು ಪಟ್ಟು ಹೆಚ್ಚು ವಿಟಮಿನ್ ಇ ಇರುತ್ತದೆ. ಹಸು ಕರು ಹಾಕಿದರೆ ಗಿಣ್ಣದ ಹಾಲಿಗೆ ಅಕ್ಕಪಕ್ಕದ ಮನೆಯವರೆಲ್ಲ ಆಸೆಪಡುತ್ತೇವೆ. ಮನೆಯ ಮಗುವಿಗೆ ಬರಬೇಕಾದ ಅದೇ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿದ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಒಂದು ಗುಟುಕನ್ನೂ ಚೆಲ್ಲಬೇಡಿ.

ದಿನಕ್ಕೆ ನಮಗೆ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 2004ರಲ್ಲಿ ಗಂಡಸರಿಗೆ 10 ಮಿಲಿಗ್ರಾಂ, ಹೆಂಗಸರಿಗೆ 7.5 ಮಿಲಿಗ್ರಾಂ ಎಂದವು. ಅಮೆರಿಕದ ಶಿಫಾರಸು ವಯಸ್ಕರಿಗೆ 15, ಎದೆಹಾಲು ಕೊಡುವ ತಾಯಿಗೆ 19. ಇಷ್ಟು ವ್ಯತ್ಯಾಸಕ್ಕೆ ಒಂದು ಕಾರಣ, ನೀವು ಬೇಗ ಕೆಡುವ ಕೊಬ್ಬನ್ನು ಹೆಚ್ಚು ತಿಂದಷ್ಟೂ ಕಾವಲೂ ಹೆಚ್ಚು ಬೇಕಾಗುತ್ತದೆ. ಈಗ ಅಡುಗೆಮನೆಯ ಲೆಕ್ಕ ಮಾಡೋಣ. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾ ಎರಡೂವರೆ ಮಿಲಿಗ್ರಾಂ ಕೊಡುತ್ತದೆ. ನೂರು ಗ್ರಾಂ ಪಾಲಕ್ ಸೊಪ್ಪು ಎರಡು. ಎರಡು ಊಟದ ಚಮಚ ಶೇಂಗಾ ಎಣ್ಣೆ ನಾಲ್ಕು. ಇಷ್ಟಕ್ಕೆ ಎಂಟೂವರೆ ಆಯಿತು, ರಾಗಿ, ಜೋಳ, ಬೇಳೆ, ಹಾಲಿನದ್ದು ಇನ್ನೂ ಸೇರಿಲ್ಲ. ಅದೇ ಎರಡು ಚಮಚ ಸೂರ್ಯಕಾಂತಿ ಎಣ್ಣೆಯಾದರೆ ಹನ್ನೊಂದು, ತೌಡಿನ ಎಣ್ಣೆಯಾದರೆ ಎಂಟೂವರೆ. ಬಾದಾಮಿ ಶ್ರೀಮಂತ ಕಾಳು, 30 ಗ್ರಾಂನಲ್ಲಿ ಏಳೂವರೆ ಮಿಲಿಗ್ರಾಂ ಇದೆ, ಕೊಳ್ಳುವ ಶಕ್ತಿ ಇದ್ದವರು ತಿನ್ನಲಿ. ಅದನ್ನು ಕೊಳ್ಳಲಾಗದ ಮನೆಯವರು ಮಕ್ಕಳಿಗೆ ಏನೋ ಕೊರತೆಯಾಯಿತೆಂದು ಕೊರಗಬೇಕಿಲ್ಲ. ಅವರ ಹೊಲದಲ್ಲಿಯೇ ಬೆಳೆಯುವ ಬೀಜ ಇದೆ.

ಎಣ್ಣೆಯನ್ನು ಮನೆಯಲ್ಲಿ ಇಡುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಬೆಳಕು, ಗಾಳಿ, ಬಿಸಿ, ಮೂರೂ ಈ ಕಾವಲುಗಾರನನ್ನು ಸವೆಸುತ್ತವೆ. ಮಿರ್ಚಿ ಬಜ್ಜಿ ಕರಿದ ಎಣ್ಣೆಯನ್ನು ಮರುದಿನ, ಅದರ ಮರುದಿನ ಮತ್ತೆ ಕಾಯಿಸುತ್ತಾ ಹೋದರೆ ಮೊದಲು ಖಾಲಿಯಾಗುವವನು ಅವನೇ, ಆಮೇಲೆ ಎಣ್ಣೆಯ ಸರದಿ. ಎಣ್ಣೆಯನ್ನು ಶುದ್ಧೀಕರಿಸುವಾಗಲೂ, ವಾಸನೆ ತೆಗೆಯಲು ಹಬೆ ಹಾಯಿಸುವ ಹಂತದಲ್ಲಿ ಒಂದು ಪಾಲು ಹೊರಟುಹೋಗುತ್ತದೆ. ಕಾರ್ಖಾನೆಗಳು ಆ ಹಬೆಯನ್ನು ತಣಿಸಿ ಸಿಗುವ ಪದಾರ್ಥದಿಂದಲೇ ನೈಸರ್ಗಿಕ ವಿಟಮಿನ್ ಇ ತೆಗೆದು ಮಾರುತ್ತವೆ. ಅಂದರೆ ನಮ್ಮ ಎಣ್ಣೆಯಿಂದ ತೆಗೆದದ್ದನ್ನೇ ಅಂಥ ನೈಸರ್ಗಿಕ ಕ್ಯಾಪ್ಸೂಲಿನಲ್ಲಿ ಮತ್ತೆ ಕೊಳ್ಳುತ್ತೇವೆ.

ಇನ್ನು ಕ್ಯಾಪ್ಸೂಲ್. ನನ್ನ ಕೈಯಲ್ಲಿರುವುದರ ಮೇಲೆ 400 ಮಿಲಿಗ್ರಾಂ ಎಂದು ಅಚ್ಚಾಗಿದೆ. ಇದರೊಳಗಿರುವುದು ಕೃತಕವಾಗಿ ತಯಾರಿಸಿದ ಟೋಕೋಫೆರಿಲ್ ಅಸಿಟೇಟ್, ಅಂದರೆ ಆಲ್ಫಾ ಒಂದರದೇ ಎಂಟು ರೂಪಗಳ ಮಿಶ್ರಣ. ಅದರಲ್ಲಿ ಅರ್ಧದಷ್ಟನ್ನು ಮಾತ್ರ ನಮ್ಮ ಯಕೃತ್ತು ಉಳಿಸಿಕೊಳ್ಳುತ್ತದೆ. ಆ ಲೆಕ್ಕದಲ್ಲಿ 400 ಎಂಬುದು ದೇಹಕ್ಕೆ ಸುಮಾರು 180 ಮಿಲಿಗ್ರಾಂ. ಇಷ್ಟನ್ನು ಶೇಂಗಾದಿಂದ ಪಡೆಯಬೇಕಾದರೆ ಒಂದೇ ದಿನ ಎರಡು ಕಿಲೋಗೂ ಹೆಚ್ಚು ಬೀಜ ತಿನ್ನಬೇಕು. ಯಾವ ಅಜ್ಜನೂ, ಯಾವ ಮುತ್ತಜ್ಜನೂ ಇಷ್ಟು ವಿಟಮಿನ್ ಇ ಒಟ್ಟಿಗೆ ಕಂಡವನಲ್ಲ. ಕಂಡರೆ ಏನಾಗುತ್ತದೆ? ಊಹೆಯಿಂದ ಉತ್ತರಿಸಬೇಕಾಗಿಲ್ಲ, ಲಕ್ಷಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆ ನಡೆದಿದೆ.

1993ರಲ್ಲಿ ಅಮೆರಿಕದಿಂದ ಎರಡು ದೊಡ್ಡ ವರದಿಗಳು ಬಂದವು. ಒಂದರಲ್ಲಿ 87,245 ದಾದಿಯರು, ಇನ್ನೊಂದರಲ್ಲಿ ಆರೋಗ್ಯ ಕ್ಷೇತ್ರದ 39,910 ಗಂಡಸರು. ವಿಟಮಿನ್ ಇ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಸುದ್ದಿ ಹಬ್ಬಿತು, ವೈದ್ಯರೇ ನುಂಗಲು ಶುರು ಮಾಡಿದರು. ಆದರೆ ಅಲ್ಲಿ ಯಾರಿಗೂ ಮಾತ್ರೆ ಕೊಟ್ಟು ನೋಡಿದ್ದಲ್ಲ, ತಾವಾಗಿ ತೆಗೆದುಕೊಳ್ಳುತ್ತಿದ್ದವರನ್ನು ಗಮನಿಸಿದ್ದು. ತಾನಾಗಿ ವಿಟಮಿನ್ ಕೊಳ್ಳುವವರು ಸಾಮಾನ್ಯವಾಗಿ ಬೆಳಗ್ಗೆ ನಡೆಯುತ್ತಾರೆ, ತರಕಾರಿ ತಿನ್ನುತ್ತಾರೆ, ಸಿಗರೇಟಿನಿಂದ ದೂರ ಇರುತ್ತಾರೆ. ಹೃದಯವನ್ನು ಕಾಪಾಡಿದ್ದು ಮಾತ್ರೆಯೋ, ಆ ನಡಿಗೆಯೋ?

ತಿಳಿಯಬೇಕಾದರೆ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಸಪ್ಪೆ ಮಾತ್ರೆ ಕೊಡಬೇಕು. ಹಾಗೆ ಮಾಡಿದಾಗ ಕಥೆಯೇ ಬೇರೆಯಾಯಿತು. 2000ನೇ ಇಸವಿಯಲ್ಲಿ ಹೋಪ್ ಎಂಬ ಅಧ್ಯಯನದ ಫಲಿತಾಂಶ ಬಂತು. ಹೃದಯದ ಅಪಾಯ ಹೆಚ್ಚಿದ್ದ 9,541 ಜನರು, ದಿನಕ್ಕೆ 400 ಯೂನಿಟ್ (ವಿಟಮಿನ್ ಅಳೆಯುವ ಒಂದು ಮಾನ), ಸುಮಾರು ನಾಲ್ಕೂವರೆ ವರ್ಷ, ಹೃದಯಕ್ಕೆ ಯಾವ ಪ್ರಯೋಜನವೂ ಕಾಣಲಿಲ್ಲ. ಅವರಲ್ಲಿ ಹಲವರನ್ನು ಇನ್ನೂ ಕೆಲವು ವರ್ಷ ನೋಡಿದಾಗ ಹೃದಯ ವೈಫಲ್ಯ ಸ್ವಲ್ಪ ಹೆಚ್ಚೇ ಕಂಡಿತು. 39,876 ಮಹಿಳೆಯರಿಗೆ ದಿನ ಬಿಟ್ಟು ದಿನ 600 ಯೂನಿಟ್ ಕೊಟ್ಟು ಹತ್ತು ವರ್ಷ ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್, ಯಾವುದೂ ಒಟ್ಟಾರೆ ಕಡಿಮೆಯಾಗಲಿಲ್ಲ.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಪ್ರಾಸ್ಟೇಟ್ ಗ್ರಂಥಿಯ ಕಥೆ. ಫಿನ್‌ಲೆಂಡ್‌ನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ಒಂದು ಅಧ್ಯಯನ ನಡೆಯಿತು. ದಿನಕ್ಕೆ ಕೊಟ್ಟದ್ದು ಕೇವಲ 50 ಮಿಲಿಗ್ರಾಂ. 1994ರಲ್ಲಿ ಬಂದ ಫಲಿತಾಂಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ, ಮೆದುಳಿನ ರಕ್ತಸ್ರಾವದ ಸಾವುಗಳು ಹೆಚ್ಚಿದ್ದವು, ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆಯಾಗಿತ್ತು. ಆ ಒಂದು ಆಸೆಯ ಎಳೆ ಹಿಡಿದು ಅಮೆರಿಕ, ಕೆನಡಾಗಳಲ್ಲಿ 35,533 ಗಂಡಸರೊಂದಿಗೆ ಸೆಲೆಕ್ಟ್ ಎಂಬ ಬೃಹತ್ ಅಧ್ಯಯನ ಆರಂಭಿಸಿದರು, ದಿನಕ್ಕೆ 400 ಯೂನಿಟ್. ಪ್ರಯೋಜನ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರಲ್ಲಿ ಲೆಕ್ಕ ಹಾಕಿದಾಗ, ವಿಟಮಿನ್ ಇ ಮಾತ್ರ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚಾಗಿತ್ತು. ಆರೋಗ್ಯವಾಗಿದ್ದ ಗಂಡಸರು, ರೋಗ ಬಾರದಿರಲಿ ಎಂದು ನುಂಗಿದ ಮಾತ್ರೆ ಅದು. ಇದನ್ನು ಓದಿದ ದಿನ ನಾನು ತರಗತಿಯಲ್ಲಿ ಅದುವರೆಗೆ ಬರೆಸುತ್ತಿದ್ದ ಟಿಪ್ಪಣಿಗಳನ್ನು ತೆಗೆದು ಹಲವು ಸಾಲುಗಳಿಗೆ ಅಡ್ಡಗೆರೆ ಎಳೆದೆ.

ಕ್ಯಾಪ್ಸೂಲಿಗೂ ರಕ್ತಕ್ಕೂ ಇರುವ ಸಂಬಂಧವನ್ನು ಮಾತ್ರ ಎಲ್ಲರೂ ನೆನಪಿಡಬೇಕು. ದೊಡ್ಡ ಪ್ರಮಾಣದ ವಿಟಮಿನ್ ಇ, ರಕ್ತ ಹೆಪ್ಪುಗಟ್ಟಿಸುವ ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಬರುತ್ತದೆ. ನನ್ನ ಸೋದರತ್ತೆ ಹೃದಯದ ಕವಾಟದ ತೊಂದರೆಗೆ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಕಾಲಿನ ಸೆಳೆತಕ್ಕೆ ಒಳ್ಳೆಯದೆಂದು ಯಾರೋ ಹೇಳಿದ ಮೇಲೆ ತಿಂಗಳುಗಟ್ಟಲೆ ಈ ಹಸಿರು ಕ್ಯಾಪ್ಸೂಲನ್ನೂ ಸೇರಿಸಿಕೊಂಡರು, ವಿಟಮಿನ್ ತಾನೇ ಎಂದು ವೈದ್ಯರಿಗೆ ಹೇಳಲಿಲ್ಲ. ತೋಳಿನ ಮೇಲೆ ನೀಲಿ ಕಲೆಗಳು ಎದ್ದು, ಹಲ್ಲುಜ್ಜಿದರೆ ರಕ್ತ ಬರತೊಡಗಿದ ಮೇಲೆ ಪರೀಕ್ಷೆ ಮಾಡಿದ ವೈದ್ಯರು ಮೊದಲು ನಿಲ್ಲಿಸಿದ್ದು ಆ ಕ್ಯಾಪ್ಸೂಲನ್ನು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು, ದಯವಿಟ್ಟು ಇದನ್ನು ವೈದ್ಯರಿಗೆ ಹೇಳಿ. ಅಮೆರಿಕದಲ್ಲಿ ವಯಸ್ಕರಿಗೆ ಮೇಲಿನ ಮಿತಿ ದಿನಕ್ಕೆ 1000 ಮಿಲಿಗ್ರಾಂ, ಯುರೋಪಿನಲ್ಲಿ 300. ಈ ಎರಡೂ ಮಿತಿ ಮಾತ್ರೆಯವರಿಗಾಗಿ ಮಾಡಿದ್ದು, ಊಟದಿಂದ ಯಾರೂ ಅಷ್ಟು ದೂರ ಹೋಗುವುದಿಲ್ಲ.

ಹಾಗೆಂದು ಔಷಧವಾಗಿ ಇದರ ಬಾಗಿಲು ಮುಚ್ಚಿಲ್ಲ. ಸಕ್ಕರೆ ಕಾಯಿಲೆ ಇಲ್ಲದ, ಯಕೃತ್ತಿನಲ್ಲಿ ಕೊಬ್ಬು ಸೇರಿ ಉರಿಯೂತವಾಗಿದೆ ಎಂದು ತುಣುಕು ತೆಗೆದು ಖಚಿತಪಡಿಸಿಕೊಂಡ ರೋಗಿಗಳಿಗೆ 96 ವಾರ ದಿನಕ್ಕೆ 800 ಯೂನಿಟ್ ಕೊಟ್ಟ ಅಧ್ಯಯನ 2010ರಲ್ಲಿ ಬಂತು. ಶೇಕಡಾ 43 ಜನರಲ್ಲಿ ಯಕೃತ್ತು ಸುಧಾರಿಸಿತು, ಸಪ್ಪೆ ಮಾತ್ರೆಯವರಲ್ಲಿ ಶೇಕಡಾ 19. ಕಣ್ಣಿನ ಮ್ಯಾಕ್ಯುಲಾ ಸವೆಯುವ ಮುಪ್ಪಿನ ಕಾಯಿಲೆಯಲ್ಲಿ ವಿಟಮಿನ್ ಸಿ, ಸತು ಮುಂತಾದವುಗಳ ಜೊತೆ ಸೇರಿಸಿ ಕೊಟ್ಟಾಗ, ಈಗಾಗಲೇ ನಡುಹಂತ ತಲುಪಿದವರಲ್ಲಿ ರೋಗ ಉಲ್ಬಣಿಸುವುದು ಸುಮಾರು ಕಾಲುಭಾಗ ಕಡಿಮೆಯಾಯಿತು. ಇವು ತಜ್ಞರು ರೋಗಿಯನ್ನು ನೋಡಿ ಬರೆಯುವ ಔಷಧಗಳು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಬರೆದಿಡುತ್ತೇನೆ.

ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಕೇಳಿದ್ದು: “ಮೇಡಂ, ಕ್ಯಾಪ್ಸೂಲ್ ಚುಚ್ಚಿ ಲೋಳೆಸರದ ಜೊತೆ ಮುಖಕ್ಕೆ ಹಚ್ಚಿಕೊಂಡರೆ ಕಲೆ ಹೋಗುತ್ತದೆ ಎಂದು ಮೊಬೈಲಿನಲ್ಲಿ ಎಲ್ಲರೂ ಹೇಳುತ್ತಾರಲ್ಲ?” ಎಣ್ಣೆ ಹಚ್ಚಿದ ಚರ್ಮ ಮೃದುವಾಗುತ್ತದೆ, ಅದು ನಿಜ. ಕಲೆಯ ಮಾತು ಬೇರೆ. ಶಸ್ತ್ರಚಿಕಿತ್ಸೆಯ ಗಾಯದ ಅರ್ಧ ಭಾಗಕ್ಕೆ ವಿಟಮಿನ್ ಇ ಬೆರೆಸಿದ ಮುಲಾಮು, ಉಳಿದರ್ಧಕ್ಕೆ ಬರಿಯ ಮುಲಾಮು ಹಚ್ಚಿ ಮಯಾಮಿಯ ವೈದ್ಯರು 1999ರಲ್ಲಿ ಹೋಲಿಸಿದರು. ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ವಿಟಮಿನ್ ಇ ಕಲೆಯನ್ನು ಸುಧಾರಿಸಲಿಲ್ಲ ಅಥವಾ ಇನ್ನಷ್ಟು ಕೆಡಿಸಿತು. ಮೂವರಲ್ಲಿ ಒಬ್ಬರಿಗೆ ಚರ್ಮ ಕೆರಳಿ ಅಲರ್ಜಿಯಾಯಿತು. ಅದು ಹದಿನೈದು ಜನರ ಚಿಕ್ಕ ಅಧ್ಯಯನ, ಆದರೂ ಮೊಬೈಲಿನ ಮಾತಿಗಿಂತ ಗಟ್ಟಿ. ನಿನ್ನ ಮುಖ ಚೆನ್ನಾಗಿದೆ ತಾಯಿ, ಅದನ್ನು ಪರೀಕ್ಷೆಗೆ ಒಡ್ಡಬೇಡ.

ಇನ್ನೊಬ್ಬ ಹುಡುಗ ಇ-ಸಿಗರೇಟಿನ ಬಗ್ಗೆ ಕೇಳಿದ. ಒಳ್ಳೆಯ ಪ್ರಶ್ನೆ. 2019ರಲ್ಲಿ ಅಮೆರಿಕದಲ್ಲಿ ಇ-ಸಿಗರೇಟು ಸೇದಿದ ಸಾವಿರಾರು ಯುವಕರು ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ವೇಳೆಗೆ 2,807 ಪ್ರಕರಣಗಳು, 68 ಸಾವುಗಳು ದಾಖಲಾದವು. ಗಾಂಜಾ ಅಂಶದ ದ್ರವವನ್ನು ಗಟ್ಟಿಗೊಳಿಸಲು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣವೆಂದು ಕಂಡುಬಂತು. ಈ ಕ್ಯಾಪ್ಸೂಲಿನೊಳಗೆ ಇರುವುದೂ ಅದೇ ವಸ್ತು. ಹೊಟ್ಟೆಗೆ ಹೋದರೆ ಕರುಳು ಅದನ್ನು ಬಿಡಿಸಿ ಬಳಸುತ್ತದೆ, ಬಿಸಿ ಹಬೆಯಾಗಿ ಶ್ವಾಸಕೋಶಕ್ಕೆ ಹೋದರೆ ಕೊಲ್ಲಬಲ್ಲದು. ನಮ್ಮ ದೇಶದಲ್ಲಿ 2019ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿದರು. ಕದ್ದು ತಂದು ಸೇದುವವರು ನಿನ್ನ ಗೆಳೆಯರಲ್ಲಿ ಇದ್ದರೆ ಈ ಅಂಕಿಗಳನ್ನು ಹೇಳು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ರೈತರು ಎದ್ದು ನಿಂತರು. “ಅಮ್ಮಾ, ಕಾಯಿಯಲ್ಲೇ ಇಟ್ಟ ಶೇಂಗಾ ವರ್ಷ ಕಳೆದರೂ ತಡೆಯುತ್ತದೆ. ಯಂತ್ರದಲ್ಲಿ ಸುಲಿಸಿದ ಬೀಜ ಎರಡು ತಿಂಗಳಿಗೇ ಕಮಟಾಗುತ್ತದೆ. ಕಾವಲುಗಾರ ಎರಡರಲ್ಲೂ ಇದ್ದಾನಲ್ಲ?” ಇದ್ದಾನೆ ಯಜಮಾನರೇ. ಆದರೆ ಯಂತ್ರದಲ್ಲಿ ಸಿಕ್ಕ ಬೀಜಗಳಲ್ಲಿ ಕೆಲವು ಹೋಳಾಗುತ್ತವೆ, ಕೆಲವುಗಳ ಕೆಂಪು ಸಿಪ್ಪೆ ಹರಿಯುತ್ತದೆ. ಎಣ್ಣೆ ತುಂಬಿದ ಕೋಶಗಳು ಒಡೆದು ಗಾಳಿಗೆ ತೆರೆದುಕೊಂಡ ಮೇಲೆ ಅವನು ಹಗಲು ರಾತ್ರಿ ದುಡಿಯಬೇಕಾಗುತ್ತದೆ, ಬೇಗ ಸವೆಯುತ್ತಾನೆ. ಆದ್ದರಿಂದ ಮನೆಯ ಬಳಕೆಗೆ ಕಾಯಿಯನ್ನೇ ಚೆನ್ನಾಗಿ ಒಣಗಿಸಿ ಇಡಿ, ತಿಂಗಳಿಗೆ ಬೇಕಾದಷ್ಟನ್ನೇ ಸುಲಿಯಿರಿ. ಹೋಳುಗಳನ್ನು ಮೊದಲು ಬಳಸಿ ಮುಗಿಸಿ. ಶೇಂಗಾ, ಅಗಸೆ ಪುಡಿಗಳನ್ನು ವಾರಕ್ಕೆ ಆಗುವಷ್ಟೇ ಕುಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ಬೆಳಕು ಬೀಳದ ಕಡೆ ಇಡಿ. ಬೂಸ್ಟು ಹಿಡಿದ, ಕಪ್ಪಾದ, ಸುರುಟಿದ ಬೀಜ ಕಂಡರೆ ಹುರಿದು ತಿನ್ನುವ ಯೋಚನೆ ಬೇಡ. ಆ ಬೂಸ್ಟು ಬಿಡುವ ಅಫ್ಲಾಟಾಕ್ಸಿನ್ ವಿಷ ಯಕೃತ್ತಿಗೆ ಮಾರಕ, ಹುರಿದರೆ ಪೂರ್ತಿ ಹೋಗುವುದಿಲ್ಲ, ದನಕ್ಕೆ ಹಿಂಡಿಯಾಗಿ ಹಾಕಿದರೆ ಹಾಲಿನಲ್ಲಿ ಮರಳಿ ನಮ್ಮ ಮನೆಗೇ ಬರುತ್ತದೆ.